ಕಬ್ಬು ಬೆಳೆಯುವ ಮನೆಗೆ ಕೊತ್ತಂಬರಿಯೂ ಸಂತೆಯಿಂದಲೇ? ಒಂದು ಗುಂಟೆಯಲ್ಲಿ ಅಡುಗೆಮನೆ ಖರ್ಚು ಇಳಿಸುವ ಲೆಕ್ಕ



ಗೋಕಾಕ, ಮೂಡಲಗಿ, ಹುಕ್ಕೇರಿ ಅಂದ್ರೆ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನೀರು ಕುಡಿದ ಭೂಮಿ. ಹಿಡಕಲ್ ಜಲಾಶಯ ನಮ್ಮ ಹುಕ್ಕೇರಿ ತಾಲೂಕಿನಾಗ ಐತಿ, ಧೂಪದಾಳದಿಂದ ಕಾಲುವೆ ಹರೀತೈತಿ. ನೀರು ಬಂದಲ್ಲೆಲ್ಲ ಕಬ್ಬು ಬಂತು. ಕಬ್ಬು ಬಂದ ಮೇಲೆ ಹೊಲದ ಬದುವಿನಲ್ಲಿದ್ದ ಪುಂಡಿ, ಅಕ್ಕಡಿ ಸಾಲಿನಲ್ಲಿದ್ದ ಅಲಸಂದಿ, ಮಡಕಿ, ಹಿತ್ತಲಿನ ಹೀರೆ ಬಳ್ಳಿ ಒಂದೊಂದಾಗಿ ಹೋದವು. ಇವತ್ತು ನಾಲ್ಕು ಎಕರೆ ಕಬ್ಬು ಇರೋ ಮನೆಯೂ ಸಂತಿ ದಿನ ಚೀಲ ಹಿಡಕೊಂಡು ಹೋಗಿ ಕೊತ್ತಂಬರಿ ಸಿವುಡು, ಹಸಿಮೆಣಸಿನಕಾಯಿ, ಬದನೆಕಾಯಿ ಎಲ್ಲಾ ದುಡ್ಡು ಕೊಟ್ಟು ತರ್ತೈತಿ.

ಇಲ್ಲಿ ಇನ್ನೊಂದು ತೊಡಕೂ ಇದೆ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಸಂತೆಯ ಖರ್ಚು ವಾರಕ್ಕೊಮ್ಮೆ ಬರುತ್ತದೆ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲು ತಡವಾದಾಗ ನಡುವಿನ ತಿಂಗಳು ಮನೆ ನಡೆಯುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಮೇಲೆ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3500 ರೂಪಾಯಿ ದರ ಕೇಳಿ ಧರಣಿ ಕೂತರು. ನವೆಂಬರ್ ಮೊದಲ ವಾರದ ಕೊನೆಗೆ ಸರ್ಕಾರದ ಮಧ್ಯಸ್ಥಿಕೆಯಲ್ಲಿ 3300 ರೂಪಾಯಿ ಎಂದು ತೀರ್ಮಾನವಾಯಿತು. ಟನ್ನಿಗೆ ನೂರು, ಇನ್ನೂರು ರೂಪಾಯಿಗೆ ಇಷ್ಟು ಹೋರಾಡುವ ನಾವು, ಅಡುಗೆಮನೆಯಿಂದ ವಾರ ವಾರ ಹೊರಗೆ ಹೋಗುವ ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕೋಣ. ದರದ ಹೋರಾಟ ಅದರ ದಾರಿಯಲ್ಲಿ ನಡೆಯಲಿ. ಈ ಲೆಕ್ಕ ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇದೆ.

ಮೊದಲು ಮನೆಗೆ ಎಷ್ಟು ಬೇಕು?

ಖರ್ಚು ಇಳಿಸುವುದು ಅಂದರೆ ತಿನ್ನುವುದನ್ನು ಕಡಿಮೆ ಮಾಡುವುದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ, 2000 ಕ್ಯಾಲೊರಿ ಬೇಕಾದ ಒಬ್ಬರಿಗೆ ದಿನಕ್ಕೆ ಎಷ್ಟು ಬೇಕೆಂದು ಹೇಳಿದ್ದಾರೆ. ಅದನ್ನೇ ಐದು ಜನರ ಮನೆಗೆ ಗುಣಿಸಿದರೆ ಹೀಗಾಗುತ್ತದೆ:

- ತರಕಾರಿ, ಸೊಪ್ಪು: ಒಬ್ಬರಿಗೆ 400 ಗ್ರಾಂ (ಅದರಲ್ಲಿ 100 ಗ್ರಾಂ ಸೊಪ್ಪು). ಮನೆಗೆ ದಿನಕ್ಕೆ 2 ಕೆಜಿ, ವಾರಕ್ಕೆ 14 ಕೆಜಿ.
- ಹಣ್ಣು: ಒಬ್ಬರಿಗೆ 100 ಗ್ರಾಂ. ವಾರಕ್ಕೆ ಮೂರೂವರೆ ಕೆಜಿ.
- ಧಾನ್ಯ: ಒಬ್ಬರಿಗೆ 250 ಗ್ರಾಂ. ತಿಂಗಳಿಗೆ 37 ಕೆಜಿ ಆಸುಪಾಸು.
- ಬೇಳೆ, ಕಾಳು: ಒಬ್ಬರಿಗೆ 85 ಗ್ರಾಂ. ವಾರಕ್ಕೆ 3 ಕೆಜಿ, ವರ್ಷಕ್ಕೆ ಸುಮಾರು 155 ಕೆಜಿ.
- ಹಾಲು: ಒಬ್ಬರಿಗೆ 300 ಮಿಲಿ. ದಿನಕ್ಕೆ ಒಂದೂವರೆ ಲೀಟರ್.
- ಎಣ್ಣೆ: ಒಬ್ಬರಿಗೆ 27 ಗ್ರಾಂ. ತಿಂಗಳಿಗೆ 4 ಕೆಜಿ.

ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಧಾನ್ಯ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ, ಸಣ್ಣ ಮಕ್ಕಳಿಗೆ ಕಡಿಮೆ. ಇದನ್ನು ಅಳತೆಗೋಲಾಗಿ ಇಟ್ಟುಕೊಂಡು ನಿಮ್ಮ ಮನೆಯದನ್ನು ಹೋಲಿಸಿ ನೋಡ್ರಿ. ನಮ್ಮ ಕಡೆಯ ಬಹಳ ಮನೆಗಳಲ್ಲಿ ರೊಟ್ಟಿ, ಅನ್ನಕ್ಕೆ ಕೊರತೆ ಇಲ್ಲ. ಸೊಪ್ಪು, ಹಣ್ಣು, ಕಾಳು ಕಡಿಮೆ ಬೀಳುತ್ತದೆ. ಕಾರಣ ಸರಳ. ದುಡ್ಡು ಬಿಗಿಯಾದಾಗ ಮೊದಲು ಕೈಬಿಡುವುದು ಅವನ್ನೇ. ಅದರ ಪರಿಣಾಮ ಬೀಳುವುದು ಹೆಣ್ಣುಮಕ್ಕಳ ಮೇಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019–21) ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ನಾವು ಹುಡುಕಬೇಕಾದದ್ದು ಖರ್ಚು ಇಳಿದು, ತಾಟಿನಲ್ಲಿ ಪಲ್ಯ ಹೆಚ್ಚಾಗುವ ದಾರಿ.

ಒಂದು ಗುಂಟೆ ಕಬ್ಬು, ಒಂದು ಗುಂಟೆ ಕೈತೋಟ

ತರಕಾರಿಗೆ ಸರಾಸರಿ ಕೆಜಿಗೆ 40 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಸಂತೆಯ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ವಾರಕ್ಕೆ 14 ಕೆಜಿಗೆ 560 ರೂಪಾಯಿ. ವರ್ಷದ 52 ವಾರಕ್ಕೆ 29,120 ರೂಪಾಯಿ. ಟನ್ನಿಗೆ 3300ರಂತೆ ಇದು ಸುಮಾರು 9 ಟನ್ ಕಬ್ಬಿನ ಬೆಲೆ. ಅಂದರೆ ಮನೆಯವರು ಸರಿಯಾಗಿ ತರಕಾರಿ ತಿನ್ನಬೇಕಾದರೆ 9 ಟನ್ ಕಬ್ಬು ಬರೀ ಪಲ್ಯಕ್ಕೇ ಹೋಯಿತು.

ಈಗ ಒಂದು ಗುಂಟೆ ಜಾಗದ ಲೆಕ್ಕ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಎಕರೆಗೆ 40 ಗುಂಟೆ. ಎಕರೆಗೆ 40 ಟನ್ ಇಳುವರಿ ಬಂದರೆ ಗುಂಟೆಗೆ 1 ಟನ್ ಕಬ್ಬು, ಅಂದರೆ 3300 ರೂಪಾಯಿ. ಇದರಲ್ಲಿ ಬೀಜ, ಗೊಬ್ಬರ, ಆಳಿನ ಖರ್ಚು ಇನ್ನೂ ಕಳೆದಿಲ್ಲ. ಅದೇ ಗುಂಟೆಯಲ್ಲಿ ಕೈತೋಟ ಮಾಡಿ ಮನೆಗೆ ಬೇಕಾದ ತರಕಾರಿಯಲ್ಲಿ ಪೂರ್ತಿ ಅಲ್ಲ, ಅರ್ಧ ಮಾತ್ರ ಬೆಳೆದರೂ ವರ್ಷಕ್ಕೆ 14,560 ರೂಪಾಯಿಯ ತರಕಾರಿ ಆಯಿತು. ಬೀಜ, ಬೇಲಿಗೆ ಎರಡು ಸಾವಿರ ಕಳೆದರೂ ಕಬ್ಬಿನ ಮೂರು ಪಟ್ಟಿಗಿಂತ ಹೆಚ್ಚು ಉಳಿಯುತ್ತದೆ. ಅದೂ ಬಿಲ್ಲಿಗೆ ಕಾಯದೆ, ವಾರ ವಾರ ಕೈಗೆ ಬರುವ ಲಾಭ.

ಎಲ್ಲಾ ಕಬ್ಬು ತೆಗೆಯಿರಿ ಅಂತ ಹೇಳ್ತಿಲ್ಲ. ಮನೆಗೆ, ಬಾವಿಗೆ, ಪೈಪಿಗೆ ಹತ್ತಿರ ಇರುವ ಒಂದೇ ಒಂದು ಗುಂಟೆ ಸಾಕು. ಹೊಲ ಮನೆಯಿಂದ ದೂರ ಇದ್ದರೆ ಹಿತ್ತಲಿನ ಅರ್ಧ ಗುಂಟೆಯಾದರೂ ಆದೀತು. ದೂರದ ತೋಟಕ್ಕೆ ದಿನಾ ಹೋಗುವವರು ಯಾರೂ ಇರುವುದಿಲ್ಲ, ನಾಲ್ಕು ವಾರಕ್ಕೆ ಅದು ಕಸದ ತೋಟ ಆಗುತ್ತದೆ.

ಗುಂಟೆಯನ್ನು ಹಂಚುವುದು ಹೇಗೆ?

ನಡುವೆ 3 ಅಡಿ ದಾರಿ ಬಿಡಿ. ಎರಡೂ ಕಡೆ 15 ಅಡಿ ಉಳಿಯುತ್ತದೆ. ಅದರಲ್ಲಿ ಬೇಲಿ ಕಡೆ 2 ಅಡಿ ಬಳ್ಳಿಗಳಿಗೆ ಬಿಟ್ಟು, 13 ಅಡಿ ಉದ್ದ, ಮೂರೂವರೆ ಅಡಿ ಅಗಲದ ಮಡಿ ಮಾಡಿ. ಮಡಿಯಿಂದ ಮಡಿಗೆ ಒಂದೂವರೆ ಅಡಿ ಕಾಲುದಾರಿ. ಒಂದೊಂದು ಕಡೆ 6 ಮಡಿ, ಒಟ್ಟು 12 ಮಡಿ ಆಗುತ್ತವೆ. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಕಸ ಸಿಗಬೇಕು, ಅದಕ್ಕೇ ಮೂರೂವರೆ ಅಡಿ. ಮಡಿಯೊಳಗೆ ಕಾಲಿಡಬೇಡಿ, ಕಪ್ಪು ಮಣ್ಣು ತುಳಿದರೆ ಗಟ್ಟಿಯಾಗುತ್ತದೆ.

ಉತ್ತರದ ಕಡೆ 3 ಅಡಿ ಪಟ್ಟಿ ಉಳಿಯುವಂತೆ ಮಾಡಿ. ನುಗ್ಗೆ, ಕರಿಬೇವು, ಎರಡು ಪಪ್ಪಾಯ, ಒಂದು ನಿಂಬೆ, ಗೊಬ್ಬರದ ಗುಂಡಿ ಎಲ್ಲಾ ಅಲ್ಲಿ. ಗಿಡ ಉತ್ತರಕ್ಕೆ ಇದ್ದರೆ ವರ್ಷದ ಬಹುಕಾಲ ನೆರಳು ಮಡಿಗಳ ಮೇಲೆ ಬೀಳುವುದಿಲ್ಲ.

ಮಡಿಗಳ ಹಂಚಿಕೆ ಹೀಗಿರಲಿ:

- 4 ಮಡಿ ಸೊಪ್ಪಿಗೆ. ಇದೇ ತೋಟದ ಜೀವಾಳ. ಮೆಂತ್ಯ, ರಾಜಗಿರಿ 25–30 ದಿನಕ್ಕೆ ಬರುತ್ತವೆ. ನಾಲ್ಕನ್ನೂ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಮಡಿ ಬಿತ್ತಿ. ನಾಲ್ಕನೇ ಮಡಿ ಬಿತ್ತಿ ಒಂದು ವಾರದೊಳಗೆ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ. ಅದನ್ನು ಕಿತ್ತ ಮರುದಿನ ಮತ್ತೆ ಬಿತ್ತಿ. ಒಂದು ಮಡಿಯಿಂದ 3 ಕೆಜಿ ಆಸುಪಾಸು ಸೊಪ್ಪು ಸಿಗುತ್ತದೆ. ಮನೆಗೆ ವಾರಕ್ಕೆ ಬೇಕಾದ್ದು ಮೂರೂವರೆ ಕೆಜಿ. ಲೆಕ್ಕ ಕೂಡಿಬಂತು ನೋಡ್ರಿ.
- 4 ಮಡಿ ಬದನೆ, ಟೊಮ್ಯಾಟೊ, ಹಸಿಮೆಣಸು, ಬೆಂಡೆಗೆ. ತಲಾ ಒಂದು ಮಡಿ.
- 2 ಮಡಿ ಚವಳಿಕಾಯಿ, ಅಲಸಂದಿಗೆ. ಕಾಯಿಯೂ ಆಯಿತು, ಮಣ್ಣಿಗೆ ಸಾರಜನಕವೂ ಆಯಿತು.
- 2 ಮಡಿ ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಗೆ. ಎಳೆಯ ಮೂಲಂಗಿ ಎಲೆ ಬಿಸಾಡಬೇಡಿ, ಒಳ್ಳೆ ಪಲ್ಯ ಆಗುತ್ತದೆ.
- ಬೇಲಿಗೆ ಹೀರೆ, ಹಾಗಲ, ತುಪ್ಪದ ಹೀರೆ, ಬಸಳೆ, ಅವರೆ.

ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಒಂದೇ ಕುಲದವು. ಇವು ಮುಗಿದ ಮಡಿಯಲ್ಲಿ ಮತ್ತೆ ಇವನ್ನೇ ಹಾಕಬೇಡಿ, ರೋಗ ಮಣ್ಣಿನಲ್ಲೇ ಕುಳಿತಿರುತ್ತದೆ. ಅಲ್ಲಿಗೆ ಅಲಸಂದಿ ಅಥವಾ ಸೊಪ್ಪು ಹಾಕಿ, ಅಲಸಂದಿ ಇದ್ದ ಮಡಿಗೆ ಬದನೆ ತನ್ನಿ.

ಯಾವ ತಿಂಗಳಿಗೆ ಏನು?

ಮುಂಗಾರು (ಜೂನ್–ಜುಲೈ): ಬೆಂಡೆ, ಚವಳಿ, ಹೀರೆ, ಹಾಗಲ, ಸವತಿ, ಬದನೆ, ಪುಂಡಿ. ಹುಕ್ಕೇರಿ ಕಡೆ ಮಳೆ ಹೆಚ್ಚು, ಮಡಿಯನ್ನು ಅರ್ಧ ಅಡಿ ಎತ್ತರಿಸಿ ನೀರು ಹರಿದುಹೋಗಲು ಬಿಡಿ. ಗೋಕಾಕ, ಮೂಡಲಗಿಯ ಒಣ ಭಾಗದಲ್ಲಿ ಮಡಿ ಸಮತಟ್ಟಾಗಿದ್ದರೆ ಸಾಕು.

ಹಿಂಗಾರು (ಅಕ್ಟೋಬರ್–ನವೆಂಬರ್): ಮೆಂತ್ಯ, ಕೊತ್ತಂಬರಿ, ಪಾಲಕ, ಸಬ್ಬಸಿಗಿ, ಮೂಲಂಗಿ, ಗಜ್ಜರಿ, ಟೊಮ್ಯಾಟೊ, ಎಲೆಕೋಸು. ವರ್ಷದಲ್ಲಿ ತೋಟ ತುಂಬಿ ತುಳುಕುವ ಕಾಲ ಇದೇ.

ಬೇಸಿಗೆ (ಫೆಬ್ರವರಿ–ಮೇ): ರಾಜಗಿರಿ, ಪುಂಡಿ, ಬಸಳೆ, ಚವಳಿ, ಸವತಿ. ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಡುತ್ತದೆ. ಬೇಕೇಬೇಕು ಅಂದರೆ ನಿಂಬೆ, ಪಪ್ಪಾಯ ಗಿಡದ ಅರೆನೆರಳಿನಲ್ಲಿ ಸ್ವಲ್ಪ ಹಾಕಿ. ಸಂತೆಯಲ್ಲಿ ಸೊಪ್ಪು ತುಟ್ಟಿಯಾಗುವುದೂ ಬೇಸಿಗೆಯಲ್ಲೇ. ಹಾಗಾಗಿ ಈ ಕಾಲದ ಎರಡು ಮಡಿ ರಾಜಗಿರಿ ಚಳಿಗಾಲದ ನಾಲ್ಕು ಮಡಿಗೆ ಸಮ.

ಬೀಜಕ್ಕೆ ಹೆಚ್ಚು ಖರ್ಚು ಬೇಡ. ಅಡುಗೆಮನೆ ಡಬ್ಬಿಯ ಹೊಸ ಮೆಂತ್ಯ, ಕೊತ್ತಂಬರಿಯೇ ಮೊಳೆಯುತ್ತವೆ. ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಬೇರೆಯವಕ್ಕೆ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ರಾಜಗಿರಿ, ಅರ್ಕಾ ಅನುಪಮ ಪಾಲಕ, ಅರ್ಕಾ ಅನಾಮಿಕ ಬೆಂಡೆ, ಅರ್ಕಾ ವಿಕಾಸ ಟೊಮ್ಯಾಟೊ, ಚವಳಿಯಲ್ಲಿ ಪೂಸಾ ನವಬಹಾರ್ ಇಂಥ ತಳಿಗಳನ್ನು ಕೇಳಿ. ಇವು ಹೈಬ್ರಿಡ್ ಅಲ್ಲ, ಮುಂದಿನ ವರ್ಷಕ್ಕೆ ನಿಮ್ಮ ತೋಟದಲ್ಲೇ ಬೀಜ ಹಿಡಿಯಬಹುದು. ಹೈಬ್ರಿಡ್ ಬೀಜ ಹಿಡಿದಿಟ್ಟು ಬಿತ್ತಿದರೆ ತಾಯಿಯಂತೆ ಮಕ್ಕಳು ಬರುವುದಿಲ್ಲ. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ನಮ್ಮ ಮಗ್ಗುಲಲ್ಲೇ ಇವೆ. ಸಸಿ, ಬೀಜ, ರೋಗದ ವಿಚಾರ ಏನಿದ್ದರೂ ಎಲೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋಗಿ ತೋರಿಸಿ.

ಕಬ್ಬಿನ ಪಕ್ಕದ ತೋಟಕ್ಕೆ ಎರಡು ಎಚ್ಚರಿಕೆ

ಒಂದು, ಕಳೆನಾಶಕ. ಕಬ್ಬಿಗೆ ಹೊಡೆಯುವ 2,4-ಡಿ ಗಾಳಿಯಲ್ಲಿ ತೇಲಿ ಬಂದರೂ ಟೊಮ್ಯಾಟೊ, ಬದನೆ, ಅಲಸಂದಿ, ಹತ್ತಿ ಇವುಗಳ ಎಲೆ ಮುದುಡಿ, ಕಾಂಡ ತಿರುಚಿ ಹಾಳಾಗುತ್ತವೆ. ಬಹಳ ಮಂದಿ ಇದನ್ನು ವೈರಸ್ ರೋಗ ಎಂದು ತಿಳಿದು ಮತ್ತೆ ಔಷಧಿ ಹೊಡೀತಾರೆ. ಗಾಳಿ ಇರುವಾಗ ಸಿಂಪಡಿಸಬೇಡಿ. ಕಳೆನಾಶಕಕ್ಕೆ ಬಳಸಿದ ಪಂಪನ್ನು ಕೈತೋಟಕ್ಕೆ ತರಲೇಬೇಡಿ, ಅದಕ್ಕೆ ಬೇರೆ ಸಣ್ಣ ಪಂಪ್ ಇಡಿ. ಅಟ್ರಾಜಿನ್ ಹಾಕಿದ ನೆಲದಲ್ಲಿ ಅದರ ಅಂಶ ತಿಂಗಳುಗಟ್ಟಲೆ ಉಳಿಯಬಹುದು. ಆ ನೆಲದಲ್ಲಿ ಮೆಂತ್ಯ, ಕೊತ್ತಂಬರಿ ಮೊಳೆತು ಹಳದಿಯಾಗಿ ಸಾಯುತ್ತವೆ. ಅದಕ್ಕೇ ಕೈತೋಟದ ಗುಂಟೆಯನ್ನು ಕಳೆನಾಶಕ ಕಾಣದ ಜಾಗದಲ್ಲಿ ಆರಿಸಿ.

ಎರಡು, ಸವಳು. ಕಾಲುವೆ ಕೆಳಗಿನ ಕೆಲವು ಹೊಲ ವರ್ಷಾನುಗಟ್ಟಲೆ ನೀರುಂಡು ಸವಳು–ಜವಳು ಆಗಿವೆ. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಅಲ್ಲಿ ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಏಳುವುದಿಲ್ಲ. ಪಾಲಕ, ಬೀಟ್‌ರೂಟ್ ಒಂದಿಷ್ಟು ತಡೆಯುತ್ತವೆ. ಮಡಿ ಎತ್ತರಿಸಿ, ಕೊಟ್ಟಿಗೆ ಗೊಬ್ಬರ ಹೆಚ್ಚು ಹಾಕಿ, ಬಸಿಗಾಲುವೆ ತೆಗೆಯಿರಿ. ಮಣ್ಣು ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರಕ್ಕೆ ಮಾದರಿ ಕೊಡಿ.

ಕಬ್ಬಿನ ಸಾಲಿನ ನಡುವೆಯೂ ಪಲ್ಯ ಐತಿ

ಹೊಸ ಕಬ್ಬು ನಾಟಿ ಮಾಡಿದ ಮೊದಲ ಮೂರು ತಿಂಗಳು ಸಾಲಿನ ನಡುವಿನ ಜಾಗ ಖಾಲಿ ಬಿದ್ದಿರುತ್ತದೆ. ಸಾಲಿನಿಂದ ಸಾಲಿಗೆ 4–5 ಅಡಿ ಬಿಟ್ಟವರಿಗೆ ಇದು ಪುಕ್ಕಟೆ ಸಿಕ್ಕ ಹೊಲ. ಅಲ್ಲಿ ಹೆಸರು, ಅಲಸಂದಿ, ಉಳ್ಳಾಗಡ್ಡಿ, ಮೆಂತ್ಯ, ಕೊತ್ತಂಬರಿ ಯಾವುದಾದರೂ ತೆಗೆಯಬಹುದು. ಕಬ್ಬಿಗೆ ಕೊಡುವ ನೀರಿನಲ್ಲೇ ಬರುತ್ತವೆ. ಕಬ್ಬು ಎತ್ತರವಾಗಿ ನೆರಳು ಕವಿಯುವುದರೊಳಗೆ ಕೊಯ್ಲು ಮುಗಿಯಬೇಕು, ಇಲ್ಲವಾದರೆ ಮರಿ ಒಡೆಯುವುದಕ್ಕೆ ಅಡ್ಡಿಯಾಗುತ್ತದೆ. ಹೀಗೆ ಮಾಡುವ ಹೊಲದಲ್ಲಿ ಕಳೆನಾಶಕ ಬೇಡ, ಕೈಗಳೆಯೇ ಆಗಬೇಕು. ಹೆಸರಿನ ಕಾಯಿ ಬಿಡಿಸಿಕೊಂಡು ಹೊಟ್ಟು, ಬಳ್ಳಿಯನ್ನು ಅಲ್ಲೇ ಮಣ್ಣಿಗೆ ಸೇರಿಸಿದರೆ ಕಬ್ಬಿಗೂ ಗೊಬ್ಬರ.

ಗೊಬ್ಬರ, ಕೀಟ: ಮನೆಯೊಳಗಿನ ಸಾಮಾನು ಸಾಕು

ಒಂದು ಗುಂಟೆಗೆ ಅಂಗಡಿ ಔಷಧಿ ತಂದರೆ ಉಳಿತಾಯ ಅಲ್ಲೇ ಮುಗೀತು. ಮೇಲಾಗಿ ನಾಳೆ ಕೊಯ್ಯುವ ಸೊಪ್ಪಿಗೆ ಇವತ್ತು ವಿಷ ಹೊಡೆಯುವುದು ಸರಿಯಲ್ಲ.

ಪ್ರತಿ ಮಡಿಗೆ ಬಿತ್ತುವ ಮುಂಚೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. 20 ಲೀಟರ್ ನೀರಿಗೆ 1 ಕೆಜಿ ಸಗಣಿ, 1 ಲೀಟರ್ ಗೋಮೂತ್ರ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಸೇರಿಸಿ ನೆರಳಿನಲ್ಲಿ ಎರಡು ದಿನ ಇಟ್ಟು, ದಿನಕ್ಕೆರಡು ಸಲ ತಿರುವಿದರೆ ಜೀವಾಮೃತ ಸಿದ್ಧ. ಇದನ್ನು ಮಣ್ಣಿಗೆ ಮಾತ್ರ ಕೊಡಿ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಸಗಣಿ ನೀರು ಸಿಂಪಡಿಸಬಾರದು.

ರಸ ಹೀರುವ ಹುಳಕ್ಕೆ ಬೇವಿನ ಬೀಜದ ಕಷಾಯ: 500 ಗ್ರಾಂ ಒಣ ಬೇವಿನ ಬೀಜದ ತಿರುಳನ್ನು ಜಜ್ಜಿ ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಒಟ್ಟು 10 ಲೀಟರ್ ಮಾಡಿ, ಚೂರು ಸಾಬೂನಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಬದನೆಯ ಕುಡಿ ಬಾಡಿ ಜೋತುಬಿದ್ದರೆ ಒಳಗೆ ಹುಳ ಇದೆ ಎಂದೇ ಅರ್ಥ. ಆ ಕುಡಿಯನ್ನು ಬಾಡಿದ ಜಾಗಕ್ಕಿಂತ ಎರಡು ಇಂಚು ಕೆಳಗೆ ಚಿವುಟಿ ಸುಟ್ಟುಹಾಕಿ. ವಾರಕ್ಕೆರಡು ಸಲ ಇಷ್ಟು ಮಾಡಿದರೆ ಒಂದು ಮಡಿ ಬದನೆ ಕಾಪಾಡಬಹುದು.

ಬಚ್ಚಲ ನೀರಿನಲ್ಲಿ ಸಾಬೂನು ಹೆಚ್ಚಿದ್ದರೆ ಅದನ್ನು ಪಪ್ಪಾಯ, ನುಗ್ಗೆಗೆ ಬಿಡಿ. ಅಕ್ಕಿ, ಕಾಳು, ತರಕಾರಿ ತೊಳೆದ ನೀರು ಸೊಪ್ಪಿನ ಮಡಿಗೆ ಹೋಗಲಿ. ಕಾಲುವೆ ಬಂದಾದ ತಿಂಗಳಲ್ಲಿ ಇದೇ ನೀರು ತೋಟ ಉಳಿಸುತ್ತದೆ. ಕಬ್ಬಿನ ರವದಿಯನ್ನು ಸುಡದೆ ಮಡಿಗೆ ಹೊದಿಸಿದರೆ ನೀರಿನ ಅಗತ್ಯ ಇನ್ನೂ ಇಳಿಯುತ್ತದೆ.

ಕಾಳು, ಜೋಳ: ಸುಗ್ಗಿಯಲ್ಲಿ ಕೊಂಡು ವರ್ಷ ಉಣ್ಣುವುದು

ತರಕಾರಿ ಬೆಳೆಯಬಹುದು, ಎಲ್ಲಾ ಕಾಳನ್ನೂ ಬೆಳೆಯಲು ಆಗದು. ಆದರೆ ತಿಂಗಳಿಗೆ ಎರಡು ಕೆಜಿಯಂತೆ ಕಿರಾಣಿಯಲ್ಲಿ ಉದ್ರಿ ಬರೆಸುವುದಕ್ಕೂ ಸುಗ್ಗಿಯಲ್ಲಿ ಒಟ್ಟಿಗೆ ಕೊಳ್ಳುವುದಕ್ಕೂ ಬಹಳ ಅಂತರವಿದೆ. ಹೆಸರು ಆಗಸ್ಟ್–ಸೆಪ್ಟೆಂಬರಿನಲ್ಲಿ ಬರುತ್ತದೆ. ತೊಗರಿ ಜನವರಿ ಆಸುಪಾಸು. ಬಿಳಿಜೋಳ, ಕಡಲೆ ಫೆಬ್ರವರಿ–ಮಾರ್ಚ್. ಒಣಮೆಣಸಿನಕಾಯಿಯೂ ಅದೇ ಹೊತ್ತಿಗೆ. ನಮ್ಮ ಸಂಕೇಶ್ವರಿ ಮೆಣಸಿನಕಾಯಿ ಇರುವಾಗ ಪುಡಿಯ ಪಾಕೀಟು ಯಾಕೆ ಬೇಕು? ಕಬ್ಬಿನ ಹಂಗಾಮಿನ ದುಡ್ಡು ಕೈಗೆ ಬರುವುದೂ ಸುಮಾರು ಇದೇ ಕಾಲದಲ್ಲಿ. ಬಿಲ್ಲು ಬಂದ ದಿನ ಬೇರೆ ಖರ್ಚಿಗೆ ಮುಂಚೆ ವರ್ಷದ ಕಾಳಿನ ದುಡ್ಡು ತೆಗೆದಿಡಿ.

ವರ್ಷದ 155 ಕೆಜಿಯನ್ನು ಹೀಗೆ ಹಂಚಬಹುದು: ತೊಗರಿ 50, ಹೆಸರು 30, ಕಡಲೆ 30, ಹುರುಳಿ 20, ಮಡಕಿ 15, ಅಲಸಂದಿ 10. ಸುಗ್ಗಿಯಲ್ಲಿ ಕೆಜಿಗೆ 20 ರೂಪಾಯಿ ಕಡಿಮೆ ಸಿಕ್ಕರೂ 3100 ರೂಪಾಯಿ ಉಳಿಯಿತು. ನಾಲ್ಕು ಮನೆಯವರು, ಅಥವಾ ಸ್ವಸಹಾಯ ಸಂಘದವರು ಕೂಡಿ ರೈತರಿಂದಲೇ ಚೀಲಗಟ್ಟಲೆ ತಂದರೆ ಇನ್ನೂ ಅನುಕೂಲ. ತೊಗರಿಬೇಳೆ ತುಟ್ಟಿಯಾದ ವರ್ಷ ಹುರುಳಿ, ಮಡಕಿ ಹೆಚ್ಚು ಮಾಡಿ. ತೊಗರಿ, ಹುರುಳಿ ಎರಡರಲ್ಲೂ 100 ಗ್ರಾಂಗೆ ಸುಮಾರು 20–22 ಗ್ರಾಂ ಪ್ರೋಟೀನ್ ಇದೆ. ದರ ಕಡಿಮೆ ಅಂತ ಹುರುಳಿಯ ಸತ್ವವೇನೂ ಕಡಿಮೆ ಇಲ್ಲ.

ಇಡುವ ಮುಂಚೆ ಎರಡು–ಮೂರು ಬಿಸಿಲು ಒಣಗಿಸಿ. ಹಲ್ಲಿನಲ್ಲಿ ಕಚ್ಚಿದರೆ ಕಟ್ಟನೆ ಒಡೆಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಒಣಗಬೇಕು. ಬಿಸಿ ಆರಿದ ಮೇಲೆ ತುಂಬಿ. ಗಾಳಿಯಾಡದ ಡಬ್ಬಿ ಅಥವಾ ಒಳಪದರದ ದಪ್ಪ ಚೀಲದಲ್ಲಿ ಬಾಯಿ ತುಂಬ ತುಂಬಿ ಬಿಗಿದು ಕಟ್ಟಿದರೆ ಹುಳಕ್ಕೆ ಉಸಿರು ಸಿಗುವುದಿಲ್ಲ. ಇಡಿ ಕಾಳಿಗೆ ಕೆಜಿಗೆ ಒಂದು ಚಮಚದಂತೆ ಅಡುಗೆ ಎಣ್ಣೆ ಸವರಿದರೂ ಹುಳ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಬೇಳೆ ಒಡೆಸಿ ಇಟ್ಟರೆ ಕಾಳಿನ ಹುಳದ ಕಾಟ ಇನ್ನೂ ಕಡಿಮೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು: ಕಾಳಿನ ಗುಳಿಗೆ ಎಂದು ಸಿಗುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಲಗುವ ಮನೆಯೊಳಗೆ ತರಬೇಡಿ. ಅದರಿಂದ ಹೊರಡುವ ಗಾಳಿ ಹುಳವನ್ನೂ ಕೊಲ್ಲುತ್ತದೆ, ಮಲಗಿದ ಮಕ್ಕಳನ್ನೂ ಕೊಲ್ಲುತ್ತದೆ. ಮನೆಯ ಎರಡು ಚೀಲಕ್ಕೆ ಬೇವಿನ ಎಲೆ, ಬಿಸಿಲು, ಬಿಗಿ ಕಟ್ಟು ಸಾಕು.

ಸಂತೆಯಲ್ಲಿ, ಕಿರಾಣಿಯಲ್ಲಿ

ತೋಟ ಇದ್ದರೂ ಸಂತೆ ತಪ್ಪುವುದಿಲ್ಲ. ಹೋಗುವ ಮುಂಚೆ ತೋಟ ಒಂದು ಸುತ್ತು ಹಾಕಿ, ಮನೆಯಲ್ಲಿ ಏನಿದೆ ನೋಡಿ, ಚೀಟಿ ಬರೆದುಕೊಂಡು ಹೋಗಿ. ಎಲ್ಲರ ಅಂಗಡಿಯಲ್ಲೂ ರಾಶಿ ಬಿದ್ದಿರುವ ತರಕಾರಿಯೇ ಆ ವಾರದ ಅಗ್ಗದ, ತಾಜಾ ತರಕಾರಿ. ಟೊಮ್ಯಾಟೊ ಕುಸಿದ ವಾರ ಐದು ಕೆಜಿ ತಂದು ಹೆಚ್ಚಿ, ಉಪ್ಪು ಸವರಿ ಒಣಗಿಸಿಡಿ. ಸಂತೆ ಮುಗಿಯುವ ಹೊತ್ತಿಗೆ ದರ ಇಳಿಯುತ್ತದೆ ನಿಜ, ಸೊಪ್ಪು ಮಾತ್ರ ಬೆಳಿಗ್ಗೆಯೇ ಕೊಳ್ಳಿ. ಉಳ್ಳಾಗಡ್ಡಿ, ಬಟಾಟಿ, ಕುಂಬಳ ಸಂಜೆಗೆ ಬಿಡಿ.

ಮಕ್ಕಳ ಕೈಯ ಪಾಕೀಟು ತಿಂಡಿಯ ಮೇಲೆ ಬರೆದ ತೂಕ ಒಮ್ಮೆ ಓದಿ. 10 ರೂಪಾಯಿಗೆ 25 ಗ್ರಾಂ ಇದ್ದರೆ ಕೆಜಿಗೆ 400 ರೂಪಾಯಿ ಆಯಿತು. ಶೇಂಗಾಕ್ಕೂ ಅಷ್ಟು ದರ ಇಲ್ಲ! ದಿನಕ್ಕೆ ಎರಡು ಪಾಕೀಟು ಅಂದರೆ ತಿಂಗಳಿಗೆ 600 ರೂಪಾಯಿ. ಗೋಕಾಕದ ಕರದಂಟು ಹಬ್ಬಕ್ಕಿರಲಿ, ದಿನಕ್ಕೆ ಶೇಂಗಾ ಉಂಡಿ, ಹುರಿಗಡಲೆ–ಬೆಲ್ಲ, ಅಳ್ಳಿಟ್ಟು, ತೋಟದ ಪಪ್ಪಾಯ ಸಾಕು.

ಎಣ್ಣೆಯನ್ನು ತಿಂಗಳ ಮೊದಲ ದಿನ ಅಳೆದು ಬೇರೆ ಡಬ್ಬಿಗೆ ಹಾಕಿ. ಐದು ಜನಕ್ಕೆ 4 ಕೆಜಿ. 20ನೇ ತಾರೀಖಿಗೇ ಡಬ್ಬಿ ಖಾಲಿಯಾದರೆ ಎಲ್ಲಿ ಹೆಚ್ಚಾಯಿತು ಎಂದು ತಾನಾಗಿ ತಿಳಿಯುತ್ತದೆ.

ತಾಟಿಗೆ ಬಂದದ್ದು ಮೈಗೂ ಹತ್ತಬೇಕು

ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ಬೇಕು. ಪಲ್ಯದ ಮೇಲೆ ನಿಂಬೆ ಹಿಂಡಿ. ಊಟದ ಜೊತೆ, ಊಟ ಆದ ಕೂಡಲೇ ಚಹಾ ಬೇಡ, ಒಂದು ತಾಸು ಬಿಡಿ. ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ. ಮಡಕಿ, ಹೆಸರು ಮೊಳಕೆ ಕಟ್ಟಿ ಉಸುಳಿ ಮಾಡಿದರೆ ಇನ್ನೂ ಒಳ್ಳೆಯದು. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸತ್ವ ನೀರುಪಾಲು.

ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಮಡಕಿ ಉಸುಳಿ, ಗುರೆಳ್ಳು ಇಲ್ಲವೆ ಅಗಸಿ ಚಟ್ನಿ, ಹಸಿ ಹಕ್ಕರಿಕಿ, ಉಳ್ಳಾಗಡ್ಡಿ, ಮೊಸರು. ನಮ್ಮ ಹಿರಿಯರ ಈ ತಾಟಿನಲ್ಲಿ ಮಾರ್ಗಸೂಚಿ ಹೇಳುವ ಬಹುತೇಕ ಎಲ್ಲವೂ ಇದೆ. ಹಕ್ಕರಿಕಿ, ಗೋಳಿ ಪಲ್ಯ, ಕಿರಕಸಾಲಿ ಹೊಲದಲ್ಲಿ ತಾವಾಗಿ ಬರುತ್ತವೆ. ಕಳೆನಾಶಕ ಹೊಡೆದ ಬದುವಿನಿಂದ ಮಾತ್ರ ಕೀಳಬೇಡಿ.

ಕೆಲಸ ಯಾರದು?

ಕೈತೋಟ ಅಂದರೆ ಹೆಣ್ಣುಮಕ್ಕಳ ಕೆಲಸ ಎಂದು ಬಿಟ್ಟರೆ ಅದು ಉಳಿಯುವುದಿಲ್ಲ. ಹಾಲು ಹಿಂಡುವುದು, ಅಡುಗೆ, ಹೊಲದ ಕೆಲಸದ ಮೇಲೆ ಇನ್ನೊಂದು ಹೊರೆ ಆಗುತ್ತದೆ. ಅಗೆತ, ಬೇಲಿ, ಗೊಬ್ಬರ ಹೊರುವುದು, ನೀರು ಹಾಯಿಸುವುದು ಗಂಡಸರ ಪಾಲಿಗೆ ಇರಲಿ. ಬಿತ್ತುವುದು, ಕೊಯ್ಯುವುದು ಮನೆಯವರೆಲ್ಲರದು. ಶಾಲೆಗೆ ಹೋಗುವ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದು ಮಡಿ ಕೊಡಿ, ತಾವು ಬಿತ್ತಿದ ಸೊಪ್ಪನ್ನು ಅವರು ತಾವೇ ಕೇಳಿ ಉಣ್ತಾರೆ.

ಜಾಗವೇ ಇಲ್ಲದವರು ಖಾಲಿ ಗೊಬ್ಬರ ಚೀಲವನ್ನು ಚೆನ್ನಾಗಿ ತೊಳೆದು, ತಳಕ್ಕೆ ತೂತು ಮಾಡಿ, ಮಣ್ಣು–ಗೊಬ್ಬರ ಸಮ ಸೇರಿಸಿ ತುಂಬಿ. ಎರಡು ಚೀಲ ಮೆಣಸಿನಕಾಯಿ, ಎರಡು ಟೊಮ್ಯಾಟೊ, ಎರಡು ಬದನೆ, ನಾಲ್ಕು ಅಗಲ ಬುಟ್ಟಿ ಸೊಪ್ಪು. ಕೀಟನಾಶಕದ ಡಬ್ಬಿ, ಕ್ಯಾನುಗಳನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು.

ಈ ವಾರ ಮಾಡಬೇಕಾದದ್ದು

1. ಹಾಳೆಯೊಂದನ್ನು ಅಡುಗೆಮನೆ ಗೋಡೆಗೆ ಅಂಟಿಸಿ. ತರಕಾರಿ, ಕಾಳು, ಎಣ್ಣೆ, ಪಾಕೀಟು ತಿಂಡಿ ಎಂದು ನಾಲ್ಕು ಸಾಲು ಹಾಕಿ, ನಾಲ್ಕು ವಾರದ ಖರ್ಚು ಬರೆಯಿರಿ.
2. ನೀರಿಗೆ ಹತ್ತಿರದ ಒಂದು ಗುಂಟೆ ಅಳೆದು ಗೂಟ ಹೊಡೆಯಿರಿ.
3. ಒಂದೇ ಒಂದು ಮಡಿ ಮಾಡಿ, ಈ ಕಾಲಕ್ಕೆ ಹೊಂದುವ ಸೊಪ್ಪು ಬಿತ್ತಿ. ಮುಂದಿನ ವಾರ ಎರಡನೆಯದು.
4. ನುಗ್ಗೆ, ಪಪ್ಪಾಯ ಇವತ್ತೇ ನೆಡಿ. ಅವು ಫಲ ಕೊಡಲು ತಿಂಗಳುಗಳು ಬೇಕು.

ನಾಲ್ಕು ವಾರ ಆದ ಮೇಲೆ ಗೋಡೆಯ ಹಾಳೆಯ ಮೊದಲ ವಾರವನ್ನೂ ಕೊನೆಯ ವಾರವನ್ನೂ ಹೋಲಿಸಿ ನೋಡ್ರಿ. ಮೊದಲ ತಿಂಗಳಲ್ಲಿ ಇಳಿಯುವುದು ಸೊಪ್ಪು ಮತ್ತು ಪಾಕೀಟಿನ ಸಾಲು ಮಾತ್ರ. ಬದನೆ, ಟೊಮ್ಯಾಟೊ, ಚವಳಿ ಕಾಯಿ ಬಿಡಲು ಎರಡು–ಎರಡೂವರೆ ತಿಂಗಳು ಬೇಕು. ತರಕಾರಿಯ ಸಾಲು ಆಗ ಇಳಿಯುತ್ತದೆ. ಅಲ್ಲಿಯವರೆಗೆ ಹಾಳೆ ತೆಗೆಯಬೇಡಿ.